ಮಗಳಿಗೆ ದೆವ್ವದ ಸಿನಿಮಾ ಹುಚ್ಚು, ಮಗನಿಗೆ ಬಾತ್‌ರೂಮಿನ ಭಯ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಮೂಲ ಕಾರ್ಕಳದ ಕಡೆಯವರು. ಒಂದೇ ಬೆಡ್‌ರೂಮಿನ ಮನೆ. ಮಗಳಿಗೆ ಹದಿನಾರು, ಹನ್ನೊಂದನೇ ಕ್ಲಾಸ್ ಸೈನ್ಸ್. ಮಗನಿಗೆ ಏಳು. ಕಳೆದ ವರ್ಷ ಮಾವನವರು ತೀರಿಕೊಂಡ ಕೆಲವು ತಿಂಗಳಿಗೆ ಮಗಳಿಗೆ ಹಾರರ್ ಸಿನಿಮಾ ಹುಚ್ಚು ಶುರುವಾಯಿತು. ಶನಿವಾರ ಫ್ರೆಂಡ್ಸ್ ಜೊತೆ ಥಿಯೇಟರ್. ಉಳಿದ ದಿನ ರಾತ್ರಿ ಹಾಲ್‌ನಲ್ಲಿ ಟಿವಿ, ಇಲ್ಲವೇ ಹೊದಿಕೆಯೊಳಗೆ ಮೊಬೈಲ್. ಕಿರುಚುತ್ತಾಳೆ, ಆಮೇಲೆ ನಗುತ್ತಾಳೆ. ಹೋದ ತಿಂಗಳು ಒಂದು ಬೆಳಗಿನ ಜಾವ ಎಚ್ಚರ ಆಯಿತಂತೆ. ಕೈಕಾಲು ಅಲ್ಲಾಡಿಸಲು ಆಗಲಿಲ್ಲವಂತೆ, ಕಪಾಟಿನ ಹತ್ತಿರ ಯಾರೋ ನಿಂತ ಹಾಗಿತ್ತಂತೆ. ಅತ್ತೆ "ಸಿನಿಮಾದಿಂದಲೇ ಏನೋ ಹತ್ತಿಕೊಂಡಿದೆ" ಅನ್ನುತ್ತಾರೆ. ಘಾಟ್‌ಕೋಪರಿನ ನಾದಿನಿ ಒಬ್ಬ ಮಂತ್ರವಾದಿಯ ನಂಬರ್ ಕಳಿಸಿದ್ದಾರೆ. ನಮ್ಮ ಯಜಮಾನರು "ನಾನೂ ಚಿಕ್ಕವನಿದ್ದಾಗ ನೋಡಿದ್ದೆ, ನನಗೇನಾಯಿತು?" ಅಂತ ನಗುತ್ತಾರೆ. ಮಗ ಮಾತ್ರ ಅಕ್ಕನ ಹಿಂದೆ ಕೂತು ದಿಂಬಿನ ಸಂದಿಯಿಂದ ನೋಡಿದವನು, ಈಗ ಒಬ್ಬನೇ ಬಾತ್‌ರೂಮಿಗೆ ಹೋಗುವುದಿಲ್ಲ. ಎರಡು ಸಲ ಹಾಸಿಗೆಯಲ್ಲೇ ಮಾಡಿಕೊಂಡ. ಹೆದರಿಕೆ ಆಗುತ್ತದೆ ಅಂತ ಗೊತ್ತಿದ್ದೂ ದುಡ್ಡು ಕೊಟ್ಟು ಯಾಕೆ ನೋಡುತ್ತಾರೆ ಡಾಕ್ಟ್ರೇ? ಮಗಳ ಮನಸ್ಸು ಸರಿ ಇದೆಯಾ? ಇದನ್ನು ನಿಲ್ಲಿಸಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಮಗಳ ಬಗ್ಗೆ. ನನಗೆ ಚಿಂತೆ ಆಗಿದ್ದು ಮಗನ ಬಗ್ಗೆ. ಒಂದೇ ಹಾಲ್, ಒಂದೇ ಟಿವಿ, ಒಂದೇ ಸಿನಿಮಾ. ಹೆದರಿದ್ದು ಇಬ್ಬರೂ. ಅಕ್ಕನಿಗೆ ಅದು ಮಜಾ ಆಯಿತು, ತಮ್ಮನಿಗೆ ಶಿಕ್ಷೆ ಆಯಿತು. ರಿಮೋಟ್ ಯಾರ ಕೈಯಲ್ಲಿತ್ತು ಅಂತ ಯೋಚಿಸಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಕಪಾಟಿನ ಹತ್ತಿರ ನಿಂತವರ ವಿಷಯ ಮುಗಿಸೋಣ. ಮನೆಯಲ್ಲಿ ಎಲ್ಲರಿಗೂ ನಿದ್ದೆ ಕೆಡಿಸಿರುವುದು ಅದೇ ಅಲ್ವಾ?

ನಾವು ಕನಸು ಕಾಣುವ ಹೊತ್ತಿನ ನಿದ್ದೆಯಲ್ಲಿ ಮೆದುಳು ಕೈಕಾಲುಗಳ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ನಿಜವಾಗಿಯೂ ಎದ್ದು ಓಡಿಯಾರು. ಕೆಲವೊಮ್ಮೆ ಎಚ್ಚರ ಮೊದಲು ಬಂದುಬಿಡುತ್ತದೆ, ಸ್ನಾಯುಗಳ ಬೀಗ ಇನ್ನೂ ತೆಗೆದಿರುವುದಿಲ್ಲ. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಮೈ ಅಲ್ಲಾಡುತ್ತಿಲ್ಲ. ಕನಸಿನ ಬಾಲ ಇನ್ನೂ ಉಳಿದಿರುತ್ತದೆ, ಅದು ಕೋಣೆಯೊಳಗೇ ಯಾರನ್ನೋ ತಂದು ನಿಲ್ಲಿಸುತ್ತದೆ. ಇದನ್ನು ನಾವು ನಿದ್ರಾ ಪಾರ್ಶ್ವವಾಯು ಅನ್ನುತ್ತೇವೆ. ಹೆಸರು ಕೇಳಿ ಗಾಬರಿ ಬೇಡ, ಲಕ್ವಕ್ಕೂ ಇದಕ್ಕೂ ಸಂಬಂಧ ಇಲ್ಲ. ನೂರರಲ್ಲಿ ಏಳೆಂಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಆಗುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ, ತಾನಾಗಿ ಬಿಡುತ್ತದೆ. ಊರಲ್ಲಿ "ಎದೆ ಮೇಲೆ ದೆವ್ವ ಕೂತಿತ್ತು" ಅಂತ ಹೇಳುವ ಎಷ್ಟೋ ಕಥೆಗಳ ಹಿಂದೆ ಇದೇ ಇರುತ್ತದೆ.

ಇದು ಬರುವುದಕ್ಕೆ ದೊಡ್ಡ ಕಾರಣ ನಿದ್ದೆಗೆಡುವುದು, ಹೊತ್ತುಗೊತ್ತಿಲ್ಲದೆ ಮಲಗುವುದು. ಅಂಗಾತ ಮಲಗಿದಾಗ ಜಾಸ್ತಿ. ಕಾಲೇಜು, ಕ್ಲಾಸು ಅಂತ ಬೆಳಿಗ್ಗೆ ಬೇಗ ಏಳಬೇಕಾದ ಹುಡುಗಿ ನಡುರಾತ್ರಿಯವರೆಗೆ ಹೊದಿಕೆಯೊಳಗೆ ಮೊಬೈಲ್ ನೋಡಿದರೆ, ನೋಡಿದ್ದು ದೆವ್ವವಾದರೂ ಒಂದೇ, ಅಡುಗೆ ವಿಡಿಯೋ ಆದರೂ ಒಂದೇ. ಸಿನಿಮಾದಿಂದ ಬಂದದ್ದು ಇಷ್ಟೇ: ಕಪಾಟಿನ ಹತ್ತಿರ ನಿಂತವರಿಗೆ ಯಾವ ಮುಖ, ಯಾವ ಸೀರೆ ಅನ್ನುವುದು. ಅವಳಿಗೆ ಇದನ್ನು ವಿವರಿಸಿ. ಇನ್ನೊಮ್ಮೆ ಹಾಗಾದರೆ ಇಡೀ ಮೈ ಎಳೆದಾಡಲು ಹೋಗದೆ, ಒಂದು ಬೆರಳ ತುದಿ ಮಾತ್ರ ಅಲ್ಲಾಡಿಸಲು ನೋಡು ಅಂತ ಹೇಳಿ. ತುಂಬಾ ಜನರಿಗೆ ಇದು ಕೆಲಸ ಮಾಡಿದೆ. ತಿಂಗಳಿಗೆ ಮೂರು ನಾಲ್ಕು ಸಲ ಆಗತೊಡಗಿದರೆ, ಅಥವಾ ಹಗಲಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಅತ್ತೆಯವರು. ಅವರ ಮಾತನ್ನು "ಹಳೇ ಕಾಲದವರು" ಅಂತ ತಳ್ಳಿಹಾಕಬೇಡಿ. ನಾನೂ ನಿಮ್ಮ ಕಡೆಯವಳೇ. ತುಳುನಾಡಿನಲ್ಲಿ ಭೂತ ಅಂದರೆ ನಂಬಿ ನಡೆದುಕೊಳ್ಳುವ ದೈವ. ಸತ್ತವರು ಕುಲೆ. ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ, ಹೆದರಿ ಓಡುವುದಿಲ್ಲ. ಅತ್ತೆಯವರ ಗಂಡ ತೀರಿಕೊಂಡು ಇನ್ನೂ ಎಷ್ಟು ದಿನ ಆಗಿದೆ? ಅದೇ ಹಾಲ್‌ನಲ್ಲಿ ಸತ್ತವರು ಬಾಯಲ್ಲಿ ರಕ್ತ ಸುರಿಸಿಕೊಂಡು ಎದ್ದು ಬರುವುದನ್ನು ಮೊಮ್ಮಗಳು ನಗುತ್ತಾ ನೋಡುತ್ತಿದ್ದರೆ ಆ ಹಿರಿಯರಿಗೆ ಹೇಗಾಗಬೇಡ? ಅವರ ಸಿಟ್ಟಿನಲ್ಲಿ ಮೂಢನಂಬಿಕೆ ಎಷ್ಟಿದೆ, ದುಃಖ ಎಷ್ಟಿದೆ, ಒಮ್ಮೆ ನೋಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ದುಡ್ಡು ಕೊಟ್ಟು ಯಾಕೆ ಹೆದರುತ್ತಾರೆ?

ನನಗೆ ಆರೇಳು ವರ್ಷ ಇದ್ದಾಗ ಅಜ್ಜಿ ಮನೆಯ ಹತ್ತಿರದ ಗದ್ದೆಯಲ್ಲಿ ದೇವಿ ಮಹಾತ್ಮೆ ಯಕ್ಷಗಾನ ಆಟ. ರಾತ್ರಿ ಎರಡೋ ಮೂರೋ ಗಂಟೆ. ಮಹಿಷಾಸುರ ರಂಗಸ್ಥಳದ ಕಡೆಯಿಂದ ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಜನರ ಹಿಂದಿನಿಂದ ಬರುತ್ತಾನೆ. ದೂರದ ಕತ್ತಲೆಯಲ್ಲಿ ಮೊದಲು ಒಂದು ಅಬ್ಬರ. ಆಮೇಲೆ ದೊಂದಿಗಳು. ಬೆಂಕಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಎದ್ದ ಬೆಳಕಿನಲ್ಲಿ ಎರಡು ಕೊಂಬು. ಚೆಂಡೆ ನನ್ನ ಹೊಟ್ಟೆಯೊಳಗೇ ಬಡಿಯುತ್ತಿತ್ತು. ನಾನು ಅಜ್ಜಿಯ ಸೆರಗಿನೊಳಗೆ ನುಗ್ಗಿ ಕಿರುಚಿದವಳು, ಅವನು ರಂಗಸ್ಥಳ ಹತ್ತುವವರೆಗೆ ತಲೆ ಎತ್ತಲಿಲ್ಲ. ಬೆಳಿಗ್ಗೆ ನಡೆದುಕೊಂಡು ಮನೆಗೆ ಬರುವಾಗ ಅಜ್ಜಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ಇನ್ನೊಮ್ಮೆ ಯಾವಾಗ?" ಮಾರನೇ ವರ್ಷ ಅವನು ಬರುವ ದಾರಿಯ ಪಕ್ಕದಲ್ಲೇ ಜಾಗ ಹಿಡಿದು ಕೂತೆ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಹಾಲ್‌ನೊಳಗಿನ ಆಟಕ್ಕೆ ಈಗಲೂ ಹೋಗುತ್ತೇನೆ. ಎಸಿ ಇದೆ, ಮೆತ್ತನೆ ಕುರ್ಚಿ ಇದೆ. ಹಿಂದಿನ ಬಾಗಿಲ ಕಡೆಯಿಂದ ಆ ಅಬ್ಬರ ಕೇಳಿದರೆ ಮೈಮೇಲಿನ ಕೂದಲು ಇವತ್ತಿಗೂ ನೆಟ್ಟಗಾಗುತ್ತದೆ.

ಆ ಹೊತ್ತಿನಲ್ಲಿ ಮೈಯೊಳಗೆ ಆಗುವುದು ಏನು? ಕಿವಿಗೆ ಬಿದ್ದ ಸದ್ದನ್ನು ಮೆದುಳಿನ ಒಳಗಿರುವ ಅಮಿಗ್ಡಲ ಅನ್ನುವ ಬಾದಾಮಿ ಗಾತ್ರದ ಭಾಗ ಮೊದಲು ಹಿಡಿಯುತ್ತದೆ. ಅದಕ್ಕೆ ವಿಚಾರಣೆ ಮಾಡುವ ಅಭ್ಯಾಸ ಇಲ್ಲ. ಅಪಾಯ ಅಂತ ಕೂಗಿಬಿಡುತ್ತದೆ. ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಹಣೆಯ ಹಿಂದಿರುವ ಮೆದುಳಿನ ಭಾಗ ಸ್ವಲ್ಪ ನಿಧಾನ. ಅದು ಆಮೇಲೆ ಬಂದು, "ಏಯ್, ಅದು ವೇಷ. ಕೊಂಬಿನ ಕೆಳಗೆ ಇರುವವರು ಪಕ್ಕದೂರಿನವರು" ಅನ್ನುತ್ತದೆ. ಅಪಾಯ ಇಲ್ಲ ಅಂತ ಗೊತ್ತಾಯಿತು. ಆದರೆ ಇಳಿದ ಅಡ್ರಿನಲಿನ್ ವಾಪಸ್ ಹೋಗಲಿಲ್ಲ. ಎದೆ ಇನ್ನೂ ಬಡಿಯುತ್ತಿದೆ. ಆ ಬಿಸಿಯಲ್ಲೇ ಬಂದ ಸಮಾಧಾನ ಮಾಮೂಲಿ ಸಮಾಧಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ, ನಗು ಜೋರಾಗಿ ಬರುತ್ತದೆ. ಡಾಲ್ಫ್ ಝಿಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ವಿವರಿಸಿದ್ದರು: ಒಂದು ಭಾವನೆ ಎಬ್ಬಿಸಿದ ಕಾವು ಮುಂದಿನ ಭಾವನೆಗೆ ಸಿಗುತ್ತದೆ. ನಿಮ್ಮ ಮಗಳು ಕಿರುಚಿದ ಮೇಲೆ ನಗುವುದು ಇದೇ. ಅದು ಹುಚ್ಚಿನ ಲಕ್ಷಣ ಅಲ್ಲ ಮಾರಾಯ್ರೆ, ಸರಿಯಾಗಿ ಕೆಲಸ ಮಾಡುತ್ತಿರುವ ಮೆದುಳಿನ ಲಕ್ಷಣ.

ಪುಣೆಯಲ್ಲಿ ಓದುತ್ತಿದ್ದಾಗ ನಾವು ಐವರು ಹಾಸ್ಟೆಲ್ ಹುಡುಗಿಯರು ಒಂದು ಹುಣ್ಣಿಮೆ ರಾತ್ರಿ ಪೇಶ್ವೆಗಳ ಹಳೇ ಕೋಟೆ ಶನಿವಾರವಾಡಾಕ್ಕೆ ಹೋಗಿದ್ದೆವು. 1773ರ ಆಗಸ್ಟ್ 30ರಂದು ಹದಿಹರೆಯದ ಪೇಶ್ವೆ ನಾರಾಯಣರಾವ್ ಅಲ್ಲಿ ಕೊಲೆಯಾದ. ಚಿಕ್ಕಪ್ಪ ರಘುನಾಥರಾಯನನ್ನು ಕೂಗಿಕೊಂಡು ಓಡಿದ ಅಂತ ಕಥೆ. ಇವತ್ತಿಗೂ ಹುಣ್ಣಿಮೆಗೆ "ಕಾಕಾ, ಮಲಾ ವಾಚವಾ" (ಚಿಕ್ಕಪ್ಪ, ನನ್ನನ್ನು ಕಾಪಾಡು) ಎಂಬ ಕೂಗು ಕೇಳುತ್ತದೆ ಅಂತ ಪುಣೆಯವರು ಹೇಳುತ್ತಾರೆ. ಒಳಗೆ ಯಾರು ಬಿಡುತ್ತಾರೆ? ದಿಲ್ಲಿ ದರವಾಜಾದ ಮೊಳೆ ಹೊಡೆದ ದೊಡ್ಡ ಬಾಗಿಲ ಮುಂದೆ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದೆವು. ಹಿಂದಿನಿಂದ ಒಂದು ನಾಯಿ ಬೊಗಳಿತು. ಅಷ್ಟೇ. ನನ್ನ ಎಡಗಾಲಿನ ಚಪ್ಪಲಿ ಅಲ್ಲೇ ಉಳಿಯಿತು. ಆಮೇಲೆ ಟಪರಿ ಅಂಗಡಿಯಲ್ಲಿ ಕಟಿಂಗ್ ಚಹಾ ಕುಡಿಯುತ್ತಾ ಅರ್ಧ ಗಂಟೆ ನಕ್ಕೆವು. ಐವರೂ ಈಗ ಐದು ಊರಲ್ಲಿದ್ದೇವೆ. ಫೋನ್ ಮಾಡಿದಾಗೆಲ್ಲ ಆ ಚಪ್ಪಲಿಯ ಮಾತು ಬಂದೇ ಬರುತ್ತದೆ. ಒಬ್ಬಳೇ ಹೋಗಿದ್ದರೆ ಆ ನಾಯಿ ನನಗೆ ತಮಾಷೆ ಆಗುತ್ತಿತ್ತಾ? ಸಾಧ್ಯವೇ ಇಲ್ಲ. ಮಗಳು ಶನಿವಾರ ಗೆಳತಿಯರ ಜೊತೆ ಹೋಗುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಹೊದಿಕೆಯೊಳಗೆ ಒಬ್ಬಳೇ ನೋಡುವುದು ಮಾತ್ರ ಇಷ್ಟ ಆಗುವುದಿಲ್ಲ ಅನ್ನುವುದು ಇದಕ್ಕೇ.

ಇನ್ನೊಂದು ಹೋಲಿಕೆ ಹೇಳುತ್ತೇನೆ. ಮಿಸಳ್ ತಿಂದಿದ್ದೀರಲ್ಲ? ಮೂಗು ಸುರಿಯುತ್ತದೆ, ಕಣ್ಣಲ್ಲಿ ನೀರು, ತಲೆಯಿಂದ ಬೆವರು. ಆದರೂ ಇನ್ನೊಂದು ವಾಟಿ ತರ್ರಿ, ಅಂದರೆ ಅದರ ಖಾರದ ರಸ, ಕೇಳುತ್ತೇವೆ. ಬಿಸಿ ತಗುಲಿದರೆ ನಾಲಿಗೆಯ ಯಾವ ನರ ಕೂಗಿಕೊಳ್ಳುತ್ತದೋ, ಮೆಣಸಿನ ಖಾರವೂ ಅದನ್ನೇ ಎಬ್ಬಿಸುತ್ತದೆ. ನಾಲಿಗೆ "ಸುಟ್ಟೆ" ಅನ್ನುತ್ತದೆ, ಏನೂ ಸುಟ್ಟಿಲ್ಲ ಅಂತ ನಮಗೆ ಗೊತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಝಿನ್ ಖಾರ ತಿನ್ನುವವರನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಖಾರ, ಜೋಕಾಲಿ, ಅಳಿಸುವ ಸಿನಿಮಾ, ಹೆದರಿಸುವ ಸಿನಿಮಾ ಎಲ್ಲವನ್ನೂ ಒಂದೇ ಸಾಲಿಗೆ ಹಾಕಿದರು. ಮೈ ಮೋಸ ಹೋಗುತ್ತದೆ, ಮನಸ್ಸು ಮೋಸ ಹೋಗುವುದಿಲ್ಲ, ಆ ಗೆಲುವಿನಲ್ಲೇ ಸುಖ. ಮಾಹಿಮ್ ಜಾತ್ರೆಯ ದೊಡ್ಡ ಜೈಂಟ್ ವ್ಹೀಲ್ ಹತ್ತಿ ಕಿರುಚುವವರೂ ಇದೇ ಜಾತಿ.

ಆದರೆ ಖಾರಕ್ಕೂ ಒಂದು ಅಳತೆ ಇದೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಒಂದು ಭೂತಬಂಗಲೆ ಆಟಕ್ಕೆ ಬಂದ 110 ಜನರ ಎದೆಗೆ ಬಡಿತ ಅಳೆಯುವ ಯಂತ್ರ ಕಟ್ಟಿ ನೋಡಿದರು, 2020ರಲ್ಲಿ ಪ್ರಕಟಿಸಿದರು. ಹೆದರಿಕೆ ತೀರಾ ಕಡಿಮೆಯಾದರೆ ಬೋರ್, ತೀರಾ ಜಾಸ್ತಿಯಾದರೆ ಹಿಂಸೆ. ನಡುವೆ ಎಲ್ಲೋ ಇದ್ದಾಗಲೇ ಮಜಾ ಜಾಸ್ತಿ. ಆ ನಡು ಒಬ್ಬೊಬ್ಬರಿಗೆ ಒಂದೊಂದು ಕಡೆ. ನಿಮ್ಮ ಮಗಳಿಗೆ ಸರಿ ಇರುವ ಖಾರ ನಿಮ್ಮ ಮಗನ ಬಾಯಿ ಸುಟ್ಟಿತು. ನಿಮಗೂ ನೋಡಲಾಗುವುದಿಲ್ಲ ಅಂದರೆ ನೀವು ಪುಕ್ಕಲು ಅಂತಲ್ಲ. ಮಗು ಸಿಕ್ಕಿಹಾಕಿಕೊಳ್ಳುವ ಕಥೆ ಬಂದರೆ ನಾನೇ ಎದ್ದು ಹೋಗಿ ಫ್ರಿಡ್ಜ್ ಬಾಗಿಲು ತೆಗೆದು ಸುಮ್ನೆ ನಿಲ್ಲುತ್ತೇನೆ.

ಇದೆಲ್ಲ ಹೊರಗಿನವರು ಈಗ ಕಂಡುಹಿಡಿದದ್ದು ಅಂತ ಅಂದುಕೊಳ್ಳಬೇಡಿ. ಭರತನ ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕ ಒಂದು, ಬೀಭತ್ಸ ಇನ್ನೊಂದು. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಭಯಾನಕಕ್ಕೆ ಕೊಡುವ ಉದಾಹರಣೆ ಶಾಕುಂತಲದ ಮೊದಲ ಅಂಕದ ಜಿಂಕೆ. ರಾಜನ ರಥ ಹಿಂದೆ ಬಿದ್ದಿದೆ, ಜಿಂಕೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಾ ಓಡುತ್ತಿದೆ, ಅರ್ಧ ಜಗಿದ ದರ್ಭೆ ಬಾಯಿಂದ ದಾರಿಯುದ್ದಕ್ಕೂ ಬೀಳುತ್ತಿದೆ. ಆ ಭಯ ಜಿಂಕೆಯದೂ ಅಲ್ಲ, ನಮ್ಮದೂ ಅಲ್ಲ, ಯಾರದೂ ಅಲ್ಲದ ಬರೀ ಭಯ, ಹಾಗಾಗಿಯೇ ಅದನ್ನು ಸವಿಯಬಹುದು ಅನ್ನುತ್ತಾನೆ. ಆದರೆ ಭಯ "ನನ್ನದು" ಆದ ಕ್ಷಣ ಸವಿ ಹೋಯಿತು. ನಿಮ್ಮ ಮಗನಿಗೆ ಆಗಿದ್ದು ಅದೇ. ಪರದೆಯ ಮೇಲಿನ ಬಾತ್‌ರೂಮ್ ಅವನ ಮನೆಯ ಬಾತ್‌ರೂಮ್ ಆಗಿಬಿಟ್ಟಿತು.

ಹೆದರಿಸುವುದರಲ್ಲಿ ಅರ್ಧ ಕೆಲಸ ಸದ್ದಿನದು. ಬೇಕಾದರೆ ಮ್ಯೂಟ್ ಮಾಡಿ ನೋಡಿ, ಅದೇ ದೆವ್ವ ಮೇಕಪ್ ಕೆಟ್ಟ ನೆಂಟರ ಹಾಗೆ ಕಾಣುತ್ತದೆ. ಡೇನಿಯಲ್ ಬ್ಲುಮ್‌ಸ್ಟೈನ್ ಎಂಬ ಪ್ರಾಣಿಶಾಸ್ತ್ರಜ್ಞರು ಮಾರ್ಮಟ್ ಎಂಬ ಅಳಿಲು ಜಾತಿಯ ಪ್ರಾಣಿಯ ಮರಿಗಳನ್ನು ಹಿಡಿದಾಗ ಅವು ಕಿರುಚುವ ಸದ್ದನ್ನು ಅಭ್ಯಾಸ ಮಾಡುತ್ತಿದ್ದರು. ಗಂಟಲು ತನ್ನ ಮಿತಿ ಮೀರಿ ಒಡೆದಾಗ ಬರುವ ಕರ್ಕಶ ಸದ್ದು ಅದು. 2010ರಲ್ಲಿ ಅವರ ತಂಡ ನೂರಕ್ಕೂ ಹೆಚ್ಚು ಸಿನಿಮಾಗಳ ಸದ್ದನ್ನು ಪರೀಕ್ಷಿಸಿದಾಗ, ಹಾರರ್ ಸಿನಿಮಾಗಳಲ್ಲಿ ಅಂಥದ್ದೇ ಒಡಕು ಸದ್ದು, ಕಿರುಚಾಟ ಜಾಸ್ತಿ ಸಿಕ್ಕಿತು. ಮರಿ ಕಿರುಚಿದರೆ ತಾಯಿ ಕಿವಿ ನಿಮಿರುವ ಹಳೆಯ ತಂತಿಯನ್ನೇ ಸಂಗೀತ ನಿರ್ದೇಶಕರು ಮೀಟುತ್ತಾರೆ. ನಿಮ್ಮ ಮನೆಗೆ ಇದರಿಂದ ಒಂದು ಉಪಯೋಗ ಇದೆ: ಮಗ ದಿಂಬಿನಿಂದ ಕಣ್ಣು ಮುಚ್ಚಿಕೊಂಡರೂ ಅವನ ಕಿವಿ ತೆರೆದೇ ಇತ್ತು. ಬೆಡ್‌ರೂಮಿಗೆ ಕಳಿಸಿ ಬಾಗಿಲು ಹಾಕಿದರೂ ಸದ್ದು ಹೋಗುತ್ತದೆ. ಬೇಕಾದ್ದು ಅಕ್ಕನಿಗೆ ಒಂದು ಇಯರ್‌ಫೋನ್.

ಈಗ ಮಗಳ ಬಗ್ಗೆ ನಿಮಗಿರುವ, ಬಾಯಿ ಬಿಟ್ಟು ಕೇಳದ ಹೆದರಿಕೆ. ಇಂಥದ್ದನ್ನು ನೋಡಿ ನೋಡಿ ಮನಸ್ಸು ಕಲ್ಲಾಗುತ್ತದೆಯಾ? ಕನಿಕರ ಇಲ್ಲದವರೇ ಇಂಥದ್ದನ್ನು ಇಷ್ಟಪಡುವುದಾ? ಹಿಂದೆ ನಮ್ಮ ಕ್ಷೇತ್ರದಲ್ಲೂ ಹಾಗೆ ಅಂದುಕೊಂಡವರಿದ್ದರು. ಈಚಿನ ಅಧ್ಯಯನಗಳಲ್ಲಿ ಅದು ನಿಂತಿಲ್ಲ. ಹಾರರ್ ಇಷ್ಟಪಡುವವರಲ್ಲಿ ಅನುಕಂಪ ಕಡಿಮೆ ಕಾಣಲಿಲ್ಲ. ಕೋವಿಡ್ ಶುರುವಾದಾಗ 310 ಜನರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹಾರರ್ ಅಭಿಮಾನಿಗಳು ಆ ದಿನಗಳಲ್ಲಿ ಉಳಿದವರಿಗಿಂತ ಕಡಿಮೆ ಕಂಗೆಟ್ಟಿದ್ದರು. ಸಿನಿಮಾ ನೋಡಿದ್ದಕ್ಕೇ ಗಟ್ಟಿಯಾದರು ಅಂತ ಇದರಿಂದ ಹೇಳಲಾಗದು. ಗಟ್ಟಿ ಇದ್ದವರೇ ಅಂಥ ಸಿನಿಮಾ ನೋಡುತ್ತಿದ್ದಿರಬಹುದು. ಅಂದ ಹಾಗೆ, "ರಕ್ತ ಹೆಪ್ಪುಗಟ್ಟಿತು" ಅನ್ನುತ್ತೇವಲ್ಲ, ಅದನ್ನೂ ಪರೀಕ್ಷೆ ಮಾಡಿದವರಿದ್ದಾರೆ! ನೆದರ್‌ಲ್ಯಾಂಡಿನ ಲೈಡನ್‌ನಲ್ಲಿ 24 ಆರೋಗ್ಯವಂತರಿಗೆ ಒಂದು ವಾರ ಹಾರರ್ ಸಿನಿಮಾ, ಇನ್ನೊಂದು ವಾರ ಶಾಂಪೇನ್ ತಯಾರಿಕೆಯ ಸಾಕ್ಷ್ಯಚಿತ್ರ ತೋರಿಸಿ ರಕ್ತ ತೆಗೆದರು. ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹಾರರ್ ನೋಡಿದಾಗ ಸ್ವಲ್ಪ ಏರಿತ್ತು. ರಕ್ತ ಮಾತ್ರ ಹೆಪ್ಪುಗಟ್ಟಲಿಲ್ಲ. 2015ರಲ್ಲಿ ಪ್ರಕಟವಾಯಿತು. ಅತ್ತೆಯವರಿಗೆ ಬಿಪಿ, ಹೃದಯದ ತೊಂದರೆ ಇದ್ದರೆ ಅವರನ್ನು ಮಾತ್ರ ಆ ಸದ್ದಿನ ಮುಂದೆ ಕೂರಿಸಬೇಡಿ.

ಹಾರರ್ ನೋಡುವವರಲ್ಲಿ ಬೇರೆ ಬೇರೆ ಥರದವರಿದ್ದಾರೆ. ಕೆಲವರಿಗೆ ಬರೀ ಥ್ರಿಲ್ ಬೇಕು. ಕೆಲವರಿಗೆ ಹೆದರಿಕೆ ಇಷ್ಟವೇ ಇಲ್ಲ, "ನಾನು ತಡೆದುಕೊಂಡೆ" ಅನ್ನುವ ಹೆಮ್ಮೆ ಬೇಕು. ಮೂರನೆಯವರು ತಮ್ಮೊಳಗಿನ ಯಾವುದೋ ಕಳವಳವನ್ನು ಹೊರಗೆ ಹಾಕಿ ನೋಡಲು ನೋಡುತ್ತಾರೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ತಂದೆಯ ಆಪರೇಷನ್ ನಡೆದ ವಾರವೆಲ್ಲ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ದೆವ್ವದ ಸಿನಿಮಾ ನೋಡಿದ್ದ. ಯಾಕೆ ಅಂದರೆ, "ಅದರಲ್ಲಿ ಎರಡು ಗಂಟೆಗೆ ಎಲ್ಲ ಮುಗಿಯುತ್ತದೆ ಮ್ಯಾಡಮ್" ಅಂದ. ನಾನು ಪತ್ರ ಓದಿ ರೋಗ ಹೆಸರಿಸುವವಳಲ್ಲ. ಆದರೆ ಅಜ್ಜ ಹೋದ ಕೆಲವು ತಿಂಗಳಿಗೆ ಇದು ಶುರುವಾಯಿತು ಅಂತ ಬರೆದವರು ನೀವೇ. ಅಜ್ಜ ಕೊನೆಯ ದಿನಗಳಲ್ಲಿ ಎಲ್ಲಿ ಮಲಗುತ್ತಿದ್ದರು? ಅದೇ ಹಾಲ್‌ನಲ್ಲಾ? ಅವರು ಹೋದಾಗ ಅವಳು ಮನೆಯಲ್ಲಿದ್ದಳಾ? ದೊಡ್ಡವರೆಲ್ಲ ಓಡಾಟದಲ್ಲಿದ್ದಾಗ ಅವಳ ಹತ್ತಿರ ಯಾರಾದರೂ ಕೂತಿದ್ದರಾ? ಸಿನಿಮಾ ಬಗ್ಗೆ ಜಗಳ ಆಡುವ ಮೊದಲು ಈ ಮಾತು ಆಗಲಿ. ಅವಳು ಭುಜ ಕುಣಿಸಿ "ಏನಿಲ್ಲಮ್ಮ" ಅನ್ನಬಹುದು. ಅದೂ ಸರಿ, ಕೇಳಿದ್ದಂತೂ ಅವಳಿಗೆ ಗೊತ್ತಾಯಿತು.

ನಿಲ್ಲಿಸಬೇಕಾ ಅಂದಿರಿ. ಪೂರ್ತಿ ಬಂದ್ ಮಾಡಬಹುದು. ಆಗ ಅದು ಹಾಲ್‌ನಿಂದ ಹೊದಿಕೆಯೊಳಗೆ ಹೋಗುತ್ತದೆ, ಹೊದಿಕೆಯಿಂದ ಗೆಳತಿಯ ಫೋನಿಗೆ ಹೋಗುತ್ತದೆ, ನಿಮಗೆ ಮಾತ್ರ ಕಾಣುವುದಿಲ್ಲ. ಯಜಮಾನರ ಹಾಗೆ ಹೋಗಲಿ ಬಿಡು ಅಂತ ಬಿಡಬಹುದು. ಆಗ ನಿದ್ದೆ ಹಾಳಾಗುವುದೂ ನಿಲ್ಲುವುದಿಲ್ಲ, ಮಗನ ಕಷ್ಟವೂ ನಿಲ್ಲುವುದಿಲ್ಲ. ನಾನಾದರೆ ಏನು ನೋಡಬೇಕು ಅನ್ನುವುದಕ್ಕಿಂತ ಯಾವಾಗ, ಎಲ್ಲಿ, ಯಾರ ಜೊತೆ ಅನ್ನುವುದರ ಮೇಲೆ ಹಿಡಿತ ಇಡುತ್ತೇನೆ. ಮಲಗುವ ಒಂದೂವರೆ ಗಂಟೆ ಮೊದಲು ಮುಗಿಯಬೇಕು. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗೆ, ನಿಮ್ಮದೂ ಸೇರಿ. ತಮ್ಮ ಎಚ್ಚರ ಇದ್ದಾಗ ಟಿವಿಯಲ್ಲಿ ಇಲ್ಲ. ಆಪ್‌ಗಳಲ್ಲಿ ವಯಸ್ಸಿನ ಗುರುತು ಇರುತ್ತದೆ, 7+, 13+, 16+, ಎ (ದೊಡ್ಡವರಿಗೆ ಮಾತ್ರ) ಅಂತ. ಥಿಯೇಟರ್ ಸಿನಿಮಾಗಳಿಗೂ 2023ರ ತಿದ್ದುಪಡಿಯ ನಂತರ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದವು) ಒಳಗೇ 7+, 13+, 16+ ಎಂಬ ಮೂರು ಮೆಟ್ಟಿಲು ಬಂದಿವೆ. 16+ ಅವಳ ವಯಸ್ಸಿಗೆ ನಡೆಯುತ್ತದೆ, ಎ ನಡೆಯುವುದಿಲ್ಲ, ಅದರಲ್ಲಿ ಚೌಕಾಸಿ ಬೇಡ. ಆಪ್‌ನಲ್ಲಿ ಪಿನ್ ಹಾಕಿ ಲಾಕ್ ಮಾಡಬಹುದು. ಪಿನ್ ಅವಳ ಹುಟ್ಟಿದ ದಿನ ಮಾತ್ರ ಆಗದಿರಲಿ.

ಒಂದು ಸಲ ಅವಳ ಪಕ್ಕ ಕೂತು ನೀವೂ ನೋಡಿ. ಬೈಯುವುದಕ್ಕಲ್ಲ. "ಈಗ ಬರುತ್ತೆ ನೋಡು ಅಮ್ಮ" ಅಂತ ಅವಳೇ ಮೊದಲು ಹೇಳಿಬಿಡುತ್ತಾಳೆ. ಹಾಗೆ ಹೇಳಬಲ್ಲವಳು ಸಿನಿಮಾದ ಕೈಯಲ್ಲಿಲ್ಲ, ಸಿನಿಮಾ ಅವಳ ಕೈಯಲ್ಲಿದೆ.

ಇನ್ನೊಂದನ್ನು ಮಾತ್ರ ಖಡಾಖಂಡಿತವಾಗಿ ಬೇರೆ ಇಡಿ. ನಿಜವಾದ ಅಪಘಾತ, ಲೋಕಲ್ ರೈಲಿನ ಕೆಳಗೆ ಬಿದ್ದವರು, ಹೊಡೆದಾಟ, ಇಂಥ ವಿಡಿಯೋಗಳು ವಾಟ್ಸಾಪಿನಲ್ಲಿ ಬರುತ್ತವಲ್ಲ, ಅದು ಹಾರರ್ ಸಿನಿಮಾ ಅಲ್ಲ. ಅಲ್ಲಿ "ಇದು ವೇಷ" ಅಂತ ಸಮಾಧಾನ ಹೇಳಲು ಮೆದುಳಿಗೆ ಏನೂ ಸಿಗುವುದಿಲ್ಲ. ಅವಳು ಅವನ್ನೂ ಹುಡುಕಿ ನೋಡುತ್ತಿದ್ದಾಳಾ ಗಮನಿಸಿ. ಹಾಗಿದ್ದರೆ, ಅಥವಾ ನಿದ್ದೆ ಮಾಡಲೇ ಹೆದರುತ್ತಿದ್ದರೆ, ಪೂರ್ತಿ ಎಚ್ಚರದಲ್ಲಿ ಯಾರೋ ಕಾಣುತ್ತಾರೆ ಅಥವಾ ಮಾತು ಕೇಳುತ್ತದೆ ಅಂದರೆ, ಗೆಳತಿಯರನ್ನು ಬಿಟ್ಟು ಒಬ್ಬಳೇ ಆಗುತ್ತಿದ್ದರೆ, ಸಾಯುವ ಮಾತು ಆಡಿದರೆ ತಡ ಮಾಡದೆ ತೋರಿಸಿ. ಹತ್ತಿರ ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮಂತ್ರವಾದಿಯ ನಂಬರ್ ಡಿಲೀಟ್ ಮಾಡಿ. ಅತ್ತೆ ಉಪ್ಪು ಮೆಣಸು ಸುಳಿದು ದೃಷ್ಟಿ ತೆಗೆಯುತ್ತಾರೆ ಅಂದರೆ ತೆಗೆಯಲಿ, ಅದು ಅಜ್ಜಿಯ ಪ್ರೀತಿ, ಕೆಡುಕಿಲ್ಲ. ಆದರೆ ಹೊರಗಿನವನೊಬ್ಬ ಬಂದು "ನಿನ್ನೊಳಗೆ ಏನೋ ಇದೆ" ಅಂತ ಹದಿನಾರರ ಹುಡುಗಿಗೆ ಹೇಳಿದರೆ ಆ ಮಾತನ್ನು ಅವಳ ತಲೆಯಿಂದ ತೆಗೆಯಲು ನನ್ನಂಥವರಿಗೆ ತಿಂಗಳುಗಟ್ಟಲೆ ಬೇಕು. ಹಾಗೆ ಬಂದವರನ್ನು ನೋಡಿದ್ದೇನೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸೆ ಕೊಡುವುದು ಮಹಾರಾಷ್ಟ್ರದಲ್ಲಿ 2013ರ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆಗಾಗಿ ವರ್ಷಗಟ್ಟಲೆ ಓಡಾಡಿದ ಡಾ. ನರೇಂದ್ರ ದಾಭೋಲ್ಕರ್ ಅದೇ ವರ್ಷ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದರು. ನಾದಿನಿಗೆ ಇಷ್ಟು ಹೇಳಿದರೆ ಸಾಕು.

ಈಗ ಆ ಚಿಕ್ಕವನು. ಏಳು ವರ್ಷ ಅಂದರೆ ವಿಚಿತ್ರ ವಯಸ್ಸು. ದೆವ್ವ ಸುಳ್ಳು ಅಂತ ಹಗಲಲ್ಲಿ ಒಪ್ಪುತ್ತಾರೆ, ರಾತ್ರಿ ಒಪ್ಪುವುದಿಲ್ಲ. ಹಾಗಾಗಿ "ಅದೆಲ್ಲ ಸುಳ್ಳು, ಹೋಗು" ಅಂದರೆ ಕೆಲಸ ಆಗುವುದಿಲ್ಲ. "ಗಂಡುಮಗ ಅಲ್ವಾ" ಅಂದರಂತೂ ಹೇಳಿಕೊಳ್ಳುವುದನ್ನೇ ಬಿಡುತ್ತಾನೆ. ತಾನಾಗಿ ಹೋಗುತ್ತದೆ ಅಂತಲೂ ಬಿಡಬೇಡಿ. 1999ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಚಿಕ್ಕಂದಿನಲ್ಲಿ ಸಿನಿಮಾ ಅಥವಾ ಟಿವಿಯಲ್ಲಿ ನೋಡಿದ್ದರ ಹೆದರಿಕೆ ಸುಮಾರು ಕಾಲು ಭಾಗ ಜನರಲ್ಲಿ ಆಗಲೂ ಸ್ವಲ್ಪ ಉಳಿದಿತ್ತು.

ಮೊದಲು ಬಾತ್‌ರೂಮಿನಲ್ಲಿ ಏನಿದೆ ಅಂತ ಕೇಳಿ. ದೊಡ್ಡವರು "ದೆವ್ವದ ಭಯ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮಕ್ಕಳ ಭಯ ಅಷ್ಟು ಅಗಲ ಇರುವುದಿಲ್ಲ. ಒಬ್ಬ ಪುಟ್ಟ ಹುಡುಗನನ್ನು ಮೂರು ಸಲ ಕೂರಿಸಿ ಕೇಳಿದ ಮೇಲೆ ಗೊತ್ತಾಯಿತು, ಅವನಿಗೆ ಹೆದರಿಕೆ ಬಾತ್‌ರೂಮಿನದಲ್ಲ, ಬಾಗಿಲ ಹಿಂದೆ ತೂಗುಹಾಕಿದ ಅಮ್ಮನ ನೈಟಿಯದು. ನೈಟಿ ಬೇರೆ ಮೊಳೆಗೆ ಹೋಯಿತು, ಅರ್ಧ ಕೇಸ್ ಅಲ್ಲಿಗೇ ಮುಗಿಯಿತು. ನಿಮ್ಮಲ್ಲಿ ಅದು ಬೇಸಿನ್ ಮೇಲಿನ ಕನ್ನಡಿ ಇರಬಹುದು. ಮುಖ ತೊಳೆದು ತಲೆ ಎತ್ತಿದಾಗ ಹಿಂದೆ ಒಂದು ಮುಖ ಕಾಣುವ ಸೀನ್ ಇಲ್ಲದ ದೆವ್ವದ ಸಿನಿಮಾ ಕಡಿಮೆ.

ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ. ಲೈಟ್ ರಾತ್ರಿಯಿಡೀ ಉರಿಯಲಿ. ಮೊದಲ ಎರಡು ಮೂರು ದಿನ ಬಾಗಿಲ ಹತ್ತಿರ ನಿಲ್ಲಿ, ಆಮೇಲೆ ಪ್ಯಾಸೇಜಿನಲ್ಲಿ, ಆಮೇಲೆ ಹಾಲ್‌ನಿಂದ ಮಾತು ಮಾತ್ರ. ನಿಲ್ಲುವ ಕೆಲಸ ಅಕ್ಕನಿಗೇ ಕೊಡಿ. ಶಿಕ್ಷೆ ಅಂತ ಕೊಡಬೇಡಿ, ಈ ವಿಷಯದಲ್ಲಿ ಮನೆಯಲ್ಲಿ ತಿಳಿದವಳು ಅವಳೇ ಅಂತ ಕೊಡಿ. ದೆವ್ವಕ್ಕೆ ಮೇಕ್ಅಪ್ ಹೇಗೆ ಮಾಡುತ್ತಾರೆ, ರಕ್ತಕ್ಕೆ ಯಾವ ಶರಬತ್ತು ಬಣ್ಣ ಹಾಕುತ್ತಾರೆ ಅನ್ನುವ ವಿಡಿಯೋ ಹಗಲಲ್ಲಿ ಇಬ್ಬರೂ ಕೂತು ನೋಡಲಿ, ಫೋನ್ ತಮ್ಮನ ಕೈಯಲ್ಲಿರಲಿ, ಬೇಡ ಅನಿಸಿದಾಗ ನಿಲ್ಲಿಸುವವನು ಅವನು. ಹಾಸಿಗೆ ಒದ್ದೆಯಾದರೆ ಸದ್ದಿಲ್ಲದೆ ಬದಲಾಯಿಸಿ. ಎರಡು ವಾರದ ಮೇಲೂ ನಿಲ್ಲದಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಮೂತ್ರ ಪರೀಕ್ಷೆ ಮಾಡಿಸಿ, ಎಲ್ಲದಕ್ಕೂ ದೆವ್ವವೇ ಕಾರಣ ಆಗಬೇಕೆಂದಿಲ್ಲ.

ಕೊನೆಗೆ ನಿಮ್ಮ ಯಜಮಾನರು. "ನಾನೂ ನೋಡಿದ್ದೆ, ನನಗೇನಾಯಿತು?" ಅಂದರಲ್ಲ, ಅದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ ಇದ್ದಾರೆ. ಒಂದು ದಿನ ಊಟಕ್ಕೆ ಎಲ್ಲರೂ ಕೂತಾಗ, ಮಗನೂ ಇರುವಾಗ, ಅತ್ತೆಯವರನ್ನು ಕೇಳಿ: ಆ ಸಿನಿಮಾ ನೋಡಿ ಬಂದ ಮೇಲೆ ಇವರು ಎಷ್ಟು ದಿನ ರಾತ್ರಿ ಅಂಗಳಕ್ಕೆ ಇಳಿಯಲಿಲ್ಲ, ದೀಪ ಹಿಡಿದು ಜೊತೆಗೆ ಹೋಗುತ್ತಿದ್ದವರು ಯಾರು?